ಗುಲಾಬಿ ಟೀಚರ್ ಬರೆದ ಆಟಿಯ ಎಲೆ

ಗುಲಾಬಿ ಟೀಚರ್ ಮಕ್ಕಳಿಗೆ ಹೊಡೆದವರಲ್ಲ. ಮೂಡುಬಿದಿರೆಯ ನಮ್ಮ ಹೈಸ್ಕೂಲಿನಲ್ಲಿ ಬೆತ್ತ ಮುಟ್ಟದೆ ಪಾಠ ಮಾಡಿದವರು ಅವರೊಬ್ಬರೇ. ಆದರೆ ಗಣಿತದ ಮಾಸ್ಟ್ರ ಬೆತ್ತಕ್ಕೆ ಅಂಗೈ ಒಡ್ಡಿ ನಗುತ್ತ ವಾಪಸು ಬರುತ್ತಿದ್ದ ಹುಡುಗರು ಕೂಡ ಡ್ರಾಯಿಂಗ್ ಪಿರಿಯಡ್ ಬಂತೆಂದರೆ ಹೊಟ್ಟೆನೋವು ಎಂದು ಮನೆಗೆ ಹೋಗಲು ನೋಡುತ್ತಿದ್ದರು.

ಅವರು ಮಾಡುತ್ತಿದ್ದದ್ದು ಇಷ್ಟೆ. ಬೆಂಚುಗಳ ನಡುವೆ ನಿಧಾನವಾಗಿ ನಡೆದು ಬಂದು, ಯಾರದ್ದಾದರೂ ಒಂದು ಕೆಟ್ಟ ಚಿತ್ರವನ್ನು ಎರಡು ಬೆರಳಿನಲ್ಲಿ ಎತ್ತಿಕೊಂಡು ಹೋಗಿ ಬೋರ್ಡಿನ ಮೇಲೆ ಅದನ್ನೇ ಬರೆಯುವುದು. ವಾರೆಯಾದ ಗೆರೆ ವಾರೆಯಾಗಿಯೇ, ನಡುಗಿದ ಗೆರೆ ನಡುಗಿಕೊಂಡೇ ಬೋರ್ಡಿಗೆ ಇಳಿಯುತ್ತಿತ್ತು. ಗಾತ್ರ ಮಾತ್ರ ನಾಲ್ಕು ಅಡಿ. ಬರೆದು ಮುಗಿಸಿ ಕೈಯ ಚಾಕ್‌ಪುಡಿ ಕೊಡವಿ, ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಅದನ್ನು ಒರೆಸುವ ಹಾಗಿಲ್ಲ. ಪಿರಿಯಡ್ ಮುಗಿಯುವವರೆಗೆ ನಾವೆಲ್ಲ ಅದನ್ನು ನೋಡಿಕೊಂಡು ಕೂರಬೇಕು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಕೋಳಿ ಬರೆದಿದ್ದೆ. ಅದು ಬೋರ್ಡಿಗೆ ಹೋಯಿತು.

"ಇದು ಎಂತ ಹೇಳಿ ನೋಡುವ," ಎಂದರು ಟೀಚರ್ ಕ್ಲಾಸಿಗೆ.

ಯಾರೋ ಚಪ್ಪಲಿ ಎಂದರು, ಇನ್ಯಾರೋ ತೆಂಗಿನ ಗೆರಟೆ ಎಂದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಟೀಚರ್ ನಗಲಿಲ್ಲ. "ಹರಿಣಾಕ್ಷಿಯ ಮನೆಯಲ್ಲಿ ಇದಕ್ಕೆ ಕೋಳಿ ಹೇಳ್ತಾರಂತೆ. ಪಾಪ, ಅದು ಮೊಟ್ಟೆ ಇಡುವುದು ಎಲ್ಲಿಂದ?" ಎಂದರು. ತುಳುವಿನಲ್ಲಿ ಕೋಳಿಗೆ ಕೋರಿ. ಆ ದಿನದಿಂದ ಹತ್ತನೇ ಕ್ಲಾಸು ಮುಗಿಯುವವರೆಗೆ ನನ್ನನ್ನು ಯಾರೂ ಹರಿಣಾಕ್ಷಿ ಎಂದು ಕರೆಯಲಿಲ್ಲ.

ನಾನು ಚಿತ್ರ ಕಲಿತದ್ದು ಆ ಹೆದರಿಕೆಯಿಂದ. ಇನ್ನೊಮ್ಮೆ ಬೋರ್ಡಿಗೆ ಹೋಗಬಾರದು ಎಂದು, ಟೀಚರ್ ಬರೆಯುವಾಗ ಅವರ ಮಣಿಕಟ್ಟು ಎಲ್ಲಿ ತಿರುಗುತ್ತದೆ, ಗೆರೆ ಎಲ್ಲಿ ದಪ್ಪವಾಗಿ ಎಲ್ಲಿ ತೆಳುವಾಗುತ್ತದೆ ಎಂದು ನೋಡಿ ನೋಡಿ ಮನೆಯಲ್ಲಿ ಅದನ್ನೇ ಬರೆದೆ. ಮೂರು ವರ್ಷದಲ್ಲಿ ನನಗೆ ನನ್ನದೆಂಬ ಗೆರೆ ಬರಲಿಲ್ಲ, ಅವರದ್ದು ಬಂತು. ಅವರು ಅದನ್ನು ಗಮನಿಸಿದ್ದರೋ ಇಲ್ಲವೋ. ಒಂದು ಸಲವೂ ಚೆನ್ನಾಗಿದೆ ಎಂದವರಲ್ಲ. ಒಳ್ಳೆಯ ಚಿತ್ರ ಕಂಡರೆ ಏನೂ ಹೇಳದೆ ಮುಂದಿನ ಬೆಂಚಿಗೆ ಹೋಗುತ್ತಿದ್ದರು.

ದೊಡ್ಡವರಿಗೂ ಅವರಲ್ಲಿ ರಿಯಾಯಿತಿ ಇರಲಿಲ್ಲ. ಹೆಡ್‌ಮಾಸ್ಟ್ರು ನಿವೃತ್ತರಾದಾಗ ಅವರ ಚಿತ್ರ ಬರೆದುಕೊಡಿ ಎಂದು ಎಲ್ಲರೂ ಸೇರಿ ಟೀಚರನ್ನು ಕೇಳಿದ್ದರು. ಟೀಚರ್ ಬರೆದರು. ಶಾಲು ಹೊದ್ದ ಹೆಡ್‌ಮಾಸ್ಟ್ರು, ಎದುರು ಕೂತವರಲ್ಲಿ ತನ್ನನ್ನು ಯಾರು ಹೊಗಳಲಿಲ್ಲ ಎಂದು ಹುಡುಕುತ್ತಿರುವ ಆ ಸಣ್ಣ ಕಣ್ಣು. ಬೀಳ್ಕೊಡುಗೆ ಸಭೆಯಲ್ಲಿ ಪರದೆ ಸರಿಸಿದಾಗ ಅವರ ಹೆಂಡತಿ, "ಅಯ್ಯೋ, ಇವರೇ" ಎಂದು ಅಳಲು ಶುರುಮಾಡಿದರಂತೆ. ಆ ಚಿತ್ರವನ್ನು ಅವರ ಮನೆಯ ಗೋಡೆಯಲ್ಲಿ ಕಂಡವರಿಲ್ಲ.

ಟೀಚರಿಗೆ ಮದುವೆಯಾಗಿರಲಿಲ್ಲ. ನೆಂಟರು ಬಂದದ್ದನ್ನೂ ನಾವು ನೋಡಿಲ್ಲ. ಬಸದಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಊರು ಯಾವುದು ಎಂದು ಕೇಳಿದರೆ, "ಬೆಳ್ತಂಗಡಿ ಕಡೆ," ಎಂದು ಕೈ ಬೀಸುತ್ತಿದ್ದರು. ಹಾಸ್ಟೆಲಿನಲ್ಲಿ ಓದಿದವರು ಎಂಬುದಷ್ಟೇ ನಮಗೆ ಗೊತ್ತಿದ್ದದ್ದು.

ನಾನು ಮದುವೆಯಾಗಿ ಬಂಟ್ವಾಳಕ್ಕೆ ಬಂದೆ. ಬಿ.ಸಿ.ರೋಡಿನ ಒಂದು ಪ್ರೆಸ್ಸಿನಲ್ಲಿ ಡಿಸೈನ್ ಮಾಡುವ ಕೆಲಸ. ಮದುವೆ ಕಾಗದ, ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ, ಅಂಗಡಿಯ ಬೋರ್ಡು. ಒಂದು ದಿನ ಅಲ್ಲಿಗೆ ಜಯಕರಣ್ಣ ಎನ್ನುವವರು ಬಂದರು. ಬೆಳ್ತಂಗಡಿ ತಾಲೂಕಿನ ಒಂದು ಗುತ್ತಿನ ಮನೆಯವರು. ಹಿಂದೆ ಊರಿನ ಯಜಮಾನಿಕೆ ನಡೆಸುತ್ತಿದ್ದ ದೊಡ್ಡ ಮನೆ ಅದು. ಅವರು ಗಲ್ಫಿನಲ್ಲಿ ಹೋಟೆಲು ನಡೆಸಿ ವಾಪಸು ಬಂದು, ಆ ಮನೆಯನ್ನೇ ಪ್ರವಾಸಿಗಳು ಬಂದು ಉಳಿಯುವ ಜಾಗ ಮಾಡಿದ್ದರು. ಜೇಬಿನಿಂದ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

ಒಳಗೆ ಗಟ್ಟಿ ರಟ್ಟಿನ ಸಣ್ಣ ಸಣ್ಣ ಇಸ್ಪೀಟ್ ಎಲೆಗಳು. ಅಂಕಿ ಇಲ್ಲ, ರಾಜ ರಾಣಿ ಇಲ್ಲ. ಬರೀ ಹೂವು, ಹಕ್ಕಿ, ಚಂದ್ರ.

"ಮಗಳು ಜಪಾನಿಂದ ತಂದದ್ದು. ಹನಾಫುಡ ಅಂತ ಹೇಳ್ತಾರೆ. ಹನ್ನೆರಡು ತಿಂಗಳು, ತಿಂಗಳಿಗೆ ನಾಲ್ಕು ಎಲೆ," ಎಂದರು ಜಯಕರಣ್ಣ. "ಅಲ್ಲಿ ಒಂದೊಂದು ಊರಿನವರು ಹಳೆಯ ಹೂವಿನ ಬದಲಿಗೆ ಅವರವರ ಊರಿನ ಕೋಟೆ, ಮೀನು, ಹಬ್ಬ ಎಲ್ಲ ಹಾಕಿ ಮಾರ್ತಾರಂತೆ. ಹೋದವರು ಊರಿನ ನೆನಪಿಗೆ ಅಂತ ತಗೊಂಡು ಬರ್ತಾರೆ. ನಮ್ಮ ತುಳುವಿನಲ್ಲಿಯೂ ಹನ್ನೆರಡು ತಿಂಗಳು ಉಂಟಲ್ಲ? ಪಗ್ಗು, ಬೇಶ, ಕಾರ್ತೆಲ್, ಆಟಿ... ಅದರಲ್ಲಿ ಮಾಡುವ. ಕೈಯಲ್ಲಿ ಬರೆಯುವವರು ಬೇಕು. ಕಂಪ್ಯೂಟರಿನದ್ದು ಬೇಡ."

ನನ್ನ ಬಾಯಿಂದ ತಟ್ಟನೆ ಬಂದ ಹೆಸರು ಗುಲಾಬಿ ಟೀಚರ್.

ಜಯಕರಣ್ಣನನ್ನು ಕರೆದುಕೊಂಡು ನಾನೇ ಮೂಡುಬಿದಿರೆಗೆ ಹೋದೆ. ಟೀಚರಿಗೆ ಆಗ ಎಪ್ಪತ್ತರ ಹತ್ತಿರ. ಜಪಾನಿನ ಎಲೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದರು. ಬಳಿಕ ಜಯಕರಣ್ಣನ ಮುಖ ನೋಡಿ, "ಗುತ್ತಿನ ಯಾರ ಮಗ ನೀವು?" ಎಂದು ಕೇಳಿದರು. ಅವರು ತಂದೆಯ ಹೆಸರು ಹೇಳಿದರು, ಅಜ್ಜಿಯ ಹೆಸರೂ ಹೇಳಿದರು.

"ಮಾಡ್ತೇನೆ," ಎಂದರು ಟೀಚರ್.

ಒಂದು ವರ್ಷ ಹಿಡಿಯಿತು. ಆಡದೆ ಬರೆಯಲಿಕ್ಕೆ ಆಗುವುದಿಲ್ಲ ಎಂದು ಆಟವನ್ನೂ ಕಲಿತರು. ನೆಲದ ಮೇಲೆ ಎಲೆಗಳನ್ನು ಹರಡಿ, ಕೈಯಲ್ಲಿರುವ ಎಲೆಯ ತಿಂಗಳಿಗೆ ನೆಲದ ಮೇಲಿನ ಅದೇ ತಿಂಗಳಿನ ಎಲೆಯನ್ನು ಸೇರಿಸಿ ಎತ್ತಿಕೊಳ್ಳುವ ಆಟ. ಭಾನುವಾರ ನಾನು ಬಸ್ಸು ಹಿಡಿದು ಹೋಗಬೇಕು, ಅವರ ಜೊತೆ ಆಡಿ ಸೋಲಬೇಕು. "ನಿನಗೆ ಮದುವೆ ಮಾಡಿದವರು ಧೈರ್ಯಸ್ಥರು ಮಾರಾಯ್ತಿ. ಕಣ್ಣೆದುರು ಇರುವ ಎಲೆ ಕಾಣುವುದಿಲ್ಲ ನಿನಗೆ," ಎನ್ನುತ್ತಿದ್ದರು. ಮಕ್ಕಳಾಗದ ನನ್ನ ವಿಷಯದಲ್ಲೂ ಒಂದು ಮಾತು ಹೇಳಿದ್ದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಆ ದಿನ ಬಸ್ಸಿನಲ್ಲಿ ಬಿ.ಸಿ.ರೋಡಿನವರೆಗೂ ಅತ್ತೆ. ಮುಂದಿನ ಭಾನುವಾರ ಮತ್ತೆ ಹೋದೆ.

ಎಲೆಗಳು ಮಾತ್ರ ಬೆರಗು ಹುಟ್ಟಿಸುವ ಹಾಗಿದ್ದವು. ತಿಂಗಳಿಗೊಂದು ಗಿಡ: ಪಗ್ಗುವಿಗೆ ಗೇರುಹಣ್ಣು, ಕಾರ್ತೆಲಿಗೆ ಹಲಸು, ನಿರ್ನಾಲಕ್ಕೆ ಭತ್ತದ ತೆನೆ. ನಾಲ್ಕರಲ್ಲಿ ಒಂದು ಎಲೆಯಲ್ಲಿ ಮನುಷ್ಯರು. ಆ ಮನುಷ್ಯರೆಲ್ಲ ನಿಜವಾದವರೇ. ಹುಲಿವೇಷದವನ ಹೊಟ್ಟೆ ನಮ್ಮ ಪ್ರೆಸ್ಸಿನ ಯಜಮಾನರದ್ದು. ಹಲಸಿನಹಣ್ಣು ಕದಿಯುವವನ ಕಣ್ಣು ಆ ಹೆಡ್‌ಮಾಸ್ಟ್ರದ್ದು. ಇವರೇ ಎಂದು ಬೊಟ್ಟು ಮಾಡುವ ಹಾಗೆಯೂ ಇಲ್ಲ, ಬಲ್ಲವರಿಗೆ ಗುರುತು ತಪ್ಪುವ ಹಾಗೆಯೂ ಇಲ್ಲ.

ಆಟಿಯ ಎಲೆಯನ್ನು ಅವರು ಕೊನೆಗೆ ಬರೆದರು. ಆಟಿ ಎಂದರೆ ಮಳೆ ಬಿಡದೆ ಹೊಡೆಯುವ, ಹಿಂದಿನ ಕಾಲದಲ್ಲಿ ಬಡವರ ಮನೆಯ ಅಕ್ಕಿ ಮುಗಿದುಹೋಗುತ್ತಿದ್ದ ತಿಂಗಳು. ಆಗ ಗುಡ್ಡದ ಬದಿಯಲ್ಲಿ ತಾನಾಗಿ ಹುಟ್ಟುವ ತಜಂಕ್ ಸೊಪ್ಪೇ ಗತಿ. ಮೂರು ಎಲೆಯಲ್ಲಿ ಆ ಸೊಪ್ಪು. ನಾಲ್ಕನೆಯದರಲ್ಲಿ ಒಂದು ದೊಡ್ಡ ಮನೆಯ ಮೆಟ್ಟಿಲು. ಮೇಲೆ ಸೇರು ಹಿಡಿದು ಬಗ್ಗಿದ ಒಬ್ಬ ಮುದುಕಿ. ಕೆಳಗೆ, ಮಳೆಯಲ್ಲಿ ನೆನೆದ ಒಬ್ಬಳು ಹೆಂಗಸು ತನ್ನ ಸೆರಗನ್ನು ಎತ್ತಿ ಆ ಸೇರಿನೊಳಗೆ ಅಕ್ಕಿ ಸುರಿಯುತ್ತಿದ್ದಾಳೆ.

"ಇದು ಉಲ್ಟಾ ಆಯ್ತಲ್ಲ ಟೀಚರ್? ಮುದುಕಿ ಅಲ್ವಾ ಕೊಡಬೇಕಾದ್ದು?" ಎಂದೆ.

"ಉಲ್ಟಾ ಅಲ್ಲ. ಕೂತುಕೋ," ಎಂದರು.

ಆಮೇಲೆ ಹೇಳಿದರು, ಹಾಲಿನ ಲೆಕ್ಕ ಹೇಳುವಷ್ಟು ಸಾದಾ ಧ್ವನಿಯಲ್ಲಿ.

"ನನಗೆ ಏಳು ವರ್ಷ. ಮನೆಯಲ್ಲಿ ಎರಡು ದಿನದಿಂದ ಒಲೆಗೆ ಬೆಂಕಿ ಹಾಕಿರಲಿಲ್ಲ. ಅಮ್ಮ ನನ್ನನ್ನು ಕರ್ಕೊಂಡು ಗುತ್ತಿಗೆ ಹೋದಳು. ಈ ಜಯಕರನ ಅಜ್ಜಿ ಒಂದು ಸೇರು ಅಕ್ಕಿ ಅಮ್ಮನ ಸೆರಗಿಗೆ ಹಾಕಿದರು. ಹಾಕಿ ಆಗಿತ್ತು, ಗೊತ್ತುಂಟಾ? ಅಮ್ಮ ಗಂಟು ಹಾಕುತ್ತಾ ಇದ್ದಳು. ಅಷ್ಟು ಹೊತ್ತಿಗೆ ನಾನು ಎಂತ ಮಾಡಿದ್ದೆ? ಅಂಗಳದ ಬದಿಯಲ್ಲಿ ಬಿದ್ದಿದ್ದ ಇದ್ದಿಲು ತಗೊಂಡು ಅವರ ಗೋಡೆಯಲ್ಲಿ ಒಂದು ಕೋಣ ಬರೆದಿದ್ದೆ. ಸುಣ್ಣ ಹೊಡೆದ ಗೋಡೆ. ಅಜ್ಜಿ ನೋಡಿದರು. ಬೈಯಲಿಲ್ಲ. ಸೇರು ಒಡ್ಡಿ, 'ಹಾಕು ವಾಪಸು' ಅಂದರು. ಅಮ್ಮ ಹಾಕಿದಳು. ಕೆಸರಿಗೆ ಬಿದ್ದ ನಾಲ್ಕು ಕಾಳನ್ನೂ ಹೆಕ್ಕಿಸಿದರು."

"ನಿಮ್ಮ ಅಮ್ಮ ಎಂತ ಮಾಡಿದರು?"

"ಬರುವಾಗ ದಾರಿಯಲ್ಲಿ ಸೊಪ್ಪು ಕೊಯ್ದಳು. ಬೇಯಿಸಿ ಹಾಕಿದಳು. ನನಗೆ ಹೊಡೆಯಲಿಲ್ಲ, ಬೈಯಲಿಲ್ಲ, ಸಾಯುವವರೆಗೆ ಆ ವಿಷಯ ಎತ್ತಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗೀತಿತ್ತು ಮಾರಾಯ್ತಿ."

ಕೆಳಗಿನ ಹೆಂಗಸಿನ ಮುಖವನ್ನು ನಾನು ಆಗ ಸರಿಯಾಗಿ ನೋಡಿದೆ. ಉಗುರಿನಷ್ಟು ಮುಖ. ಅದರಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಮುಂದಿನ ಊಟಕ್ಕೆ ಎಂತ ಎಂದು ಆಗಲೇ ಯೋಚಿಸುತ್ತಿರುವ ಮುಖ.

"ಅವನ ಅಜ್ಜಿಯನ್ನು ಅವನೇ ಮಾರಲಿ. ಪ್ಯಾಕೆಟಿನಲ್ಲಿ ಹಾಕಿ," ಎಂದು ಟೀಚರ್ ಕುಂಚ ತೊಳೆದರು.

ನಲವತ್ತೆಂಟು ಎಲೆಗಳನ್ನೂ ಸ್ಕ್ಯಾನ್ ಮಾಡಿ ಜಯಕರಣ್ಣನಿಗೆ ತೋರಿಸಿದೆ. ಆಟಿಯ ಎಲೆ ಬಂದಾಗ ಅವರು ಕುರ್ಚಿಯಿಂದ ಎದ್ದರು. ಸಿಕ್ಕಿಬಿದ್ದೆವು ಎಂದುಕೊಂಡೆ. ಅವರ ಕಣ್ಣಲ್ಲಿ ನೀರು.

"ನಮ್ಮ ಅಜ್ಜಿ! ಅಚ್ಚು ನಮ್ಮ ಅಜ್ಜಿ!" ಎಂದರು. "ಆಟಿಯಲ್ಲಿ ಊರಿಗೇ ಅಕ್ಕಿ ಕೊಡ್ತಿದ್ದರಂತೆ. ಟೀಚರಿಗೆ ಹೇಗೆ ಗೊತ್ತಾಯ್ತು?" ಇನ್ನಷ್ಟು ಹತ್ತಿರ ಬಗ್ಗಿ ನೋಡಿ, "ಆದರೆ ಸೇರು ಸ್ವಲ್ಪ ಅಡಿಮೇಲು ಆಗಿದೆ ಅಲ್ವಾ? ಕೊಡುವ ಹಾಗೆ ಕಾಣ್ಬೇಕು. ಈ ಹೆಂಗಸಿನ ಮುಖ ಒಂದು ಸ್ವಲ್ಪ ನಗುವ ಹಾಗೆ ಮಾಡಿ. ಅಕ್ಕಿ ಸಿಕ್ಕಿದ್ದಲ್ವಾ, ಪಾಪ," ಎಂದರು.

"ಟೀಚರನ್ನು ಕೇಳ್ಬೇಕು," ಎಂದೆ.

"ಇಷ್ಟು ಸಣ್ಣದಕ್ಕೆ ಪ್ರಾಯದವರಿಗೆ ಯಾಕೆ ತೊಂದರೆ? ನೀವೇ ಮಾಡಿ," ಎಂದರು. ಹಿಂದೆ ನಿಂತಿದ್ದ ನಮ್ಮ ಯಜಮಾನರು, "ಮಾಡ್ತಾಳೆ, ಮಾಡ್ತಾಳೆ," ಎಂದರು.

ಮಾಡಿದೆ. ಯಜಮಾನರ ಹೆದರಿಕೆಯಿಂದ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಸೇರನ್ನು ತಿರುಗಿಸಿ, ಅಕ್ಕಿಯ ಧಾರೆಯನ್ನು ಕೆಳಮುಖ ಮಾಡಿ, ಆ ಹೆಂಗಸಿನ ತುಟಿಯ ತುದಿಯನ್ನು ಮೇಲಕ್ಕೆಳೆಯುವಾಗ ನನ್ನೊಳಗೆ ಒಂದು ಖುಷಿ ಇತ್ತು. ಕ್ಲಾಸಿನ ಎದುರು ನನ್ನನ್ನು ಕೋರಿ ಮಾಡಿದವರ ಗೆರೆಯ ಮೇಲೆ ನನ್ನ ಗೆರೆ ಕೂತಿತು, ಸಂದು ಕಾಣದ ಹಾಗೆ. ನಾನೇ ಬೆರಗಾದೆ. ಹಳೆಯ ಫೈಲಿನ ಮೇಲೆಯೇ ಅದನ್ನು ಸೇವ್ ಮಾಡಿದೆ.

ಬಿಡುಗಡೆ ಆಟಿ ತಿಂಗಳಿನಲ್ಲೇ, ಗುತ್ತಿನ ಮನೆಯಲ್ಲೇ ನಡೆಯಿತು. ಹಳೆಯ ಕಾಲದ ಆಟಿಯ ಊಟ ಎಂದು ಪ್ರಚಾರ ಮಾಡಿದ್ದರಿಂದ ಮಂಗಳೂರಿನಿಂದ, ಬೆಂಗಳೂರಿನಿಂದ ಕಾರುಗಳು ಬಂದಿದ್ದವು. ಟೀಚರನ್ನು ಚಾವಡಿಯಲ್ಲಿ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಹಿಂದೆ ಗೋಡೆ ತುಂಬ ಒಂದು ಫ್ಲೆಕ್ಸ್. ಅದರಲ್ಲಿ ಆಟಿಯ ಎಲೆ, ಆಳೆತ್ತರಕ್ಕೆ. ಅಜ್ಜಿ ಅಕ್ಕಿ ಸುರಿಯುತ್ತಿದ್ದಾಳೆ, ಕೆಳಗಿನ ಹೆಂಗಸು ನಗುತ್ತಿದ್ದಾಳೆ.

ಟೀಚರ್ ಬರುವಾಗಲೇ ಅದನ್ನು ನೋಡಿದ್ದರು. ಒಂದು ಕ್ಷಣ ನಿಂತು, ನಡೆದು ಹೋಗಿ ಕೂತಿದ್ದರು. ನನ್ನ ಕಡೆ ತಿರುಗಲಿಲ್ಲ.

ಶಾಲು ಹೊದಿಸಿದ ಮೇಲೆ ಎರಡು ಮಾತು ಹೇಳಿ ಎಂದು ಮೈಕು ಕೊಟ್ಟರು. ಟೀಚರ್ ಎದ್ದರು. "ಈ ಚಿತ್ರದಲ್ಲಿ ಕೆಳಗೆ ನಿಂತದ್ದು ನನ್ನ ಅಮ್ಮ," ಎಂದರು.

ಜಯಕರಣ್ಣ ಎದ್ದು ಬಂದರು. "ಹೌದಾ ಟೀಚರ್? ನೀವು ನಮ್ಮ ಊರಿನವರಾ? ಒಂದು ಮಾತು ಹೇಳ್ಲಿಲ್ಲ ನೀವು!" ಎನ್ನುತ್ತ ಎಲ್ಲರೆದುರು ಬಗ್ಗಿ ಅವರ ಕಾಲು ಮುಟ್ಟಿದರು. ಚಪ್ಪಾಳೆ ಶುರುವಾಯಿತು. ಏಳುವಾಗ ಮೈಕು ಜಯಕರಣ್ಣನ ಕೈಯಲ್ಲಿತ್ತು. "ನೋಡಿ, ನಮ್ಮ ಅಜ್ಜಿ ಕೊಟ್ಟ ಅಕ್ಕಿ ಉಂಡು ಬೆಳೆದವರು ಇವತ್ತು ಎಷ್ಟು ದೊಡ್ಡ ಕಲಾವಿದೆ ಆಗಿದ್ದಾರೆ! ಇದಕ್ಕಿಂತ ಹೆಚ್ಚು ನಮ್ಮ ಮನೆಗೆ ಎಂತ ಬೇಕು?"

"ಕೊಟ್ಟದ್ದಲ್ಲ. ವಾಪಸು ತೆಗೆದದ್ದು," ಎಂದರು ಟೀಚರ್.

ಮೈಕಿಲ್ಲದ ಆ ಮಾತು ಎದುರಿನ ಸಾಲಿನಲ್ಲಿದ್ದ ನನಗೊಬ್ಬಳಿಗೆ ಕೇಳಿಸಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಒಬ್ಬರು ಹೆಂಗಸು ಕಣ್ಣೊರೆಸಿಕೊಳ್ಳುತ್ತಿದ್ದರು. ಟೀಚರ್ ಇನ್ನೊಮ್ಮೆ ಹೇಳಿದರು. ಚಪ್ಪಾಳೆ ನಿಲ್ಲಲಿಲ್ಲ. ಕೂತುಬಿಟ್ಟರು.

ಊಟಕ್ಕೆ ಬಾಳೆ ಎಲೆಯ ತುಂಬ ಬಡಿಸಿದ್ದರು. ತಜಂಕ್ ಸೊಪ್ಪಿನ ಪಲ್ಯವೂ ಇತ್ತು. ಟೀಚರ್ ಬಾಯಿಗಿಟ್ಟು, ಬಡಿಸುವ ಹುಡುಗಿಗೆ, "ಇದಕ್ಕೆ ತೆಂಗಿನಕಾಯಿ ಹಾಕಿದ್ದೀರಾ?" ಎಂದು ಕೇಳಿದರು. "ಹೌದು ಟೀಚರ್, ತುಂಬ ಹಾಕಿದ್ದೇವೆ. ಇನ್ನು ಸ್ವಲ್ಪ ಬಡಿಸ್ಲಾ?" ಎಂದು ಆ ಹುಡುಗಿ ಉತ್ತರಕ್ಕೂ ಕಾಯದೆ ಬಡಿಸಿ ಮುಂದೆ ಹೋದಳು.

ವಾಪಸು ಬರಲು ಜಯಕರಣ್ಣ ಕಾರು ಕೊಟ್ಟಿದ್ದರು. ವೇಣೂರು ದಾಟಿದ ಮೇಲೆ ಟೀಚರ್ ಕೇಳಿದರು.

"ಯಾರು ತಿದ್ದಿದ್ದು?"

"ಬೆಂಗ್ಳೂರಿನ ಒಬ್ಬರು ಡಿಸೈನರು ಅಂತೆ," ಎಂದೆ.

"ನಾನು ಬಾಗಿಲಲ್ಲಿ ನಿಂತು ನೋಡಿದೆ. ನಾನೇ ಹೀಗೆ ಬರೆದೆನಾ, ಪ್ರಾಯ ಆಯ್ತಾ ಅಂತ ನನಗೇ ಅನುಮಾನ ಬಂತು. ಬೆಂಗ್ಳೂರಿನವರಿಗೆ ಹಾಗೆ ಬರುವುದಿಲ್ಲ." ಕಿಟಕಿಯ ಹೊರಗೆ ನೋಡುತ್ತಲೇ, "ಚಂದ ಬರೆದಿದ್ದಿ," ಎಂದರು.

ಮೂವತ್ತು ವರ್ಷದಲ್ಲಿ ಅವರು ನನ್ನ ಚಿತ್ರದ ಬಗ್ಗೆ ಹೇಳಿದ ಒಳ್ಳೆಯ ಮಾತು ಅದೊಂದೇ. ಅವರು ಉಗಿದಿದ್ದರೆ ನಾನು ಒರೆಸಿಕೊಳ್ಳುತ್ತಿದ್ದೆ.

ಮತ್ತೆ ನಾಲ್ಕು ತಿಂಗಳು ನಾನು ಆ ಕಡೆ ಹೋಗಲಿಲ್ಲ. ಹೋದದ್ದು ಅವರೇ ಫೋನು ಮಾಡಿದಾಗ. ತೀರಾ ಇಳಿದುಹೋಗಿದ್ದರು. ಬ್ಲೌಸಿನ ಭುಜ ಜಾರುತ್ತಿತ್ತು. "ಬಾ. ಬಸ್ಸು ರಶ್ಶಾ?" ಎಂದರು.

"ಟೀಚರ್, ನನ್ನಿಂದ ತಪ್ಪಾಯ್ತು."

"ಅದಕ್ಕೆ ಕರೆದದ್ದಲ್ಲ. ಮೊದಲಿನದ್ದು ಉಂಟಾ ನಿನ್ನ ಹತ್ತಿರ? ನಾನು ಬರೆದದ್ದು?"

"ಇಲ್ಲ ಟೀಚರ್. ಅದರ ಮೇಲೆಯೇ ಸೇವ್ ಮಾಡಿದೆ."

"ಕಾಗದದ್ದು?"

"ಎಲ್ಲ ಜಯಕರಣ್ಣನಿಗೆ ಕೊಟ್ಟಾಗಿತ್ತು, ಅವರ ಹತ್ತಿರ ಕೇಳಿದ್ದೆ. ಉಳಿದದ್ದಕ್ಕೆಲ್ಲ ಫ್ರೇಮ್ ಹಾಕಿಸಿದ್ದಾರೆ. ಅದೊಂದು ಎಲ್ಲಿ ಹೋಯ್ತೋ, ಹುಡುಕಿಸ್ತೇನೆ ಅಂದರು."

ಟೀಚರ್ ಎದ್ದು ಹೋಗಿ, ಮಂಚದ ಕೆಳಗಿನಿಂದ ಹಾಳೆಗಳ ಒಂದು ಕಟ್ಟು ಎಳೆದು ತಂದು ನೆಲದ ಮೇಲೆ ಹರಡಿದರು. ಪೆನ್ಸಿಲು, ಇದ್ದಿಲು, ಶಾಯಿ. ಎಲ್ಲ ಹಾಳೆಯಲ್ಲೂ ಒಂದೇ ಮುಖ. ಸಣ್ಣದು, ದೊಡ್ಡದು, ಬದಿಯಿಂದ, ಎದುರಿನಿಂದ.

"ಅಮ್ಮನ ಫೋಟೋ ಇಲ್ಲ. ಯಾರು ತೆಗೀತಾರೆ ನಮ್ಮದೆಲ್ಲ? ಇದ್ದದ್ದು ತಲೆಯಲ್ಲಿ ಮಾತ್ರ," ಎಂದರು. "ಈಗ ಬರೆಯಲಿಕ್ಕೆ ಕೂತರೆ ನೀನು ಬರೆದದ್ದೇ ಬರ್ತದೆ. ಕಣ್ಣು ಮುಚ್ಚಿದರೂ ಅದೇ ಬರ್ತದೆ. ಆ ತುಟಿ. ಅರವತ್ತು ವರ್ಷ ಇಟ್ಟುಕೊಂಡ ಮುಖ ಅದು. ನಿನಗೆ ಎಷ್ಟು ಹೊತ್ತು ಹಿಡಿಯಿತು ತಿದ್ದಲಿಕ್ಕೆ?"

"ಹತ್ತು ನಿಮಿಷ," ಎಂದೆ.

ಅವರು ತಲೆಯಾಡಿಸಿದರು. "ನನ್ನ ಕಣ್ಣನ್ನು ನನಗೇ ನಂಬಲಿಕ್ಕೆ ಆಗುವುದಿಲ್ಲ. ನೀನೇ ನೋಡಿ ಹೇಳು. ಇಷ್ಟರಲ್ಲಿ ನಗದೇ ಇರುವುದು ಒಂದಾದರೂ ಉಂಟಾ?"

ನಾನು ಮೊಣಕಾಲೂರಿ ಕೂತು ಒಂದೊಂದೇ ಹಾಳೆಯನ್ನು ಎತ್ತಿ ನೋಡಿದೆ. ಅವಸರ ಮಾಡಲಿಲ್ಲ. ಒಂದಾದರೂ ಸಿಗಲಿ ಎಂದು ಕೆಲವನ್ನು ಎರಡೆರಡು ಸಲ ನೋಡಿದೆ. ಅವರು ಗೋಡೆಗೊರಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಉಂಟು ಎಂದು ಒಂದು ಸುಳ್ಳು ಹೇಳಬಹುದಿತ್ತು. ಅವರಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ.

"ಇಲ್ಲ ಟೀಚರ್."

"ಹ್ಞಾ," ಎಂದರು. "ಹಾಗಾದರೆ ಹೋಗು. ಐದೂವರೆಗೆ ಬಸ್ಸುಂಟು."

ಬಾಗಿಲವರೆಗೆ ಬರಲಿಲ್ಲ. ಬೇಸಿಗೆ ಶುರುವಾಗುವ ಮಾಯಿ ತಿಂಗಳಿನಲ್ಲಿ ತೀರಿಕೊಂಡರು ಎಂದು ನನಗೆ ತಿಳಿದದ್ದು ಎರಡು ದಿನ ಕಳೆದ ಮೇಲೆ. ಮನೆ ಖಾಲಿ ಮಾಡುವಾಗ ಕಾಗದವನ್ನೆಲ್ಲ ಬಚ್ಚಲ ಒಲೆಗೆ ಹಾಕಿದೆವೆಂದು ಮನೆ ಮಾಲೀಕರು ಹೇಳಿದರು.

ಎಲೆಗಳು ಚೆನ್ನಾಗಿ ಖರ್ಚಾಗುತ್ತಿವೆ. ಆಟಿಯದ್ದನ್ನು ಈಗ ಚಹಾದ ಕಪ್ಪಿನ ಮೇಲೂ ಹಾಕಿದ್ದಾರೆ. ಕಳೆದ ವಾರ ಪ್ಯಾಕೆಟ್ಟು ಮೂರನೆಯ ಸಲ ಅಚ್ಚಿಗೆ ಬಂತು. ಫೈಲು ತೆರೆದೆ, ಬಣ್ಣ ಸರಿ ಉಂಟೋ ನೋಡಿದೆ, ಮೆಷಿನ್ನಿಗೆ ಕಳುಹಿಸಿದೆ.